ಹಾಜರಿಲ್ಲ ಎಂದು ಬರೆದುಕೊಂಡು ಬಂದ ಮೇಲೆ

ನನಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ. ಕೊಳ್ಳೇಗಾಲದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹದಿನಾರು ವರ್ಷ ಕೆಲಸ ಮಾಡಿದೆ. ಅಲ್ಲಿ ಸ್ಟೂಲಿನ ಮೇಲೆ ಕೂತದ್ದಕ್ಕಿಂತ ನಿಂತು ಓಡಾಡಿದ್ದೇ ಹೆಚ್ಚು. ಲ್ಯಾಬಿನ ಮಾಲೀಕರು ವಯಸ್ಸಾಯಿತೆಂದು ಬಾಗಿಲು ಹಾಕಿದ ಮೇಲೆ ಎರಡು ತಿಂಗಳು ಮನೆಯಲ್ಲಿದ್ದೆ. ಪಾತ್ರೆ ಬೆಳಗಿದೆ, ಬೆಳಗಿದ್ದನ್ನೇ ಮತ್ತೆ ಬೆಳಗಿದೆ. "ನೀನು ಹಿಂಗೇ ಇದ್ರೆ ನನಗೆ ತಲೆ ಕೆಡುತ್ತೆ, ಎಲ್ಲಾದ್ರೂ ಕೆಲಸ ನೋಡ್ಕೊ" ಎಂದರು ನಮ್ಮ ಯಜಮಾನರು. ಹಳ್ಳಿಯ ಆರೋಗ್ಯ ಕೇಂದ್ರಗಳು ಹೇಗೆ ನಡೆಯುತ್ತಿವೆ ಎಂದು ನೋಡಿ ಬರೆಯುವ ಕೆಲಸಕ್ಕೆ ಒಂದು ಸಂಸ್ಥೆ ಜನರನ್ನು ಹುಡುಕುತ್ತಿದೆ ಎಂದು ಆಗ ಗೊತ್ತಾಯಿತು. ಕೊಳ್ಳೇಗಾಲ, ಹನೂರು, ಯಳಂದೂರು, ಮೂರು ತಾಲ್ಲೂಕು. ದಿನವೂ ಓಡಾಟ. ಈ ಕೆಲಸ ನನಗಾಗಿಯೇ ಹುಟ್ಟಿದೆ ಅನ್ನಿಸಿತು.

ಕೈಗೆ ಒಂದು ಟ್ಯಾಬ್ ಕೊಟ್ಟರು. ಅದರೊಳಗೆ ಪ್ರಶ್ನೆಗಳ ಒಂದು ಫಾರಂ. ನೋಡಬೇಕಾದದ್ದು ದೊಡ್ಡ ಆಸ್ಪತ್ರೆಗಳನ್ನಲ್ಲ, ಉಪಕೇಂದ್ರಗಳನ್ನು. ಉಪಕೇಂದ್ರವೆಂದರೆ ಊರಾಚೆಯ ಎರಡು ಕೋಣೆಯ ಕಟ್ಟಡ, ಒಬ್ಬ ನರ್ಸಮ್ಮ, ಒಂದು ಮಂಚ, ಒಂದು ಬೀರು. ಗರ್ಭಿಣಿಯರ ತಪಾಸಣೆ, ಮಕ್ಕಳ ಚುಚ್ಚುಮದ್ದು, ಬೀಪಿ, ಶುಗರು ಎಲ್ಲ ಅಲ್ಲಿಯೇ ಆಗಬೇಕು. ಫಾರಂ ಕೇಳುತ್ತಿತ್ತು: ನೀರಿದೆಯೇ? ಕರೆಂಟಿದೆಯೇ? ಬೀಪಿ ಮಿಷನ್ ಇದೆಯೇ? ಚಾಲನೆಯಲ್ಲಿದೆಯೇ? ಭೇಟಿಯ ವೇಳೆ ಸಿಬ್ಬಂದಿ ಹಾಜರಿದ್ದರೇ? ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ. ಕೊನೆಯಲ್ಲಿ ಷರಾ ಬರೆಯಲು ಒಂದು ಚೌಕ. ಅದನ್ನು ತುಂಬಲೇಬೇಕೆಂದಿರಲಿಲ್ಲ. ಮುಂಚೆ ಹೇಳಿ ಹೋಗುವಂತಿಲ್ಲ ಎಂಬುದು ಮಾತ್ರ ಕಟ್ಟುನಿಟ್ಟು. ದಿನಕ್ಕೆ ಮೂರು ಕೇಂದ್ರ ಮುಗಿಸಬೇಕು.

ನಾನು ನಾಲ್ಕು ಮುಗಿಸುತ್ತಿದ್ದೆ. ಮುಳ್ಳೂರಿನ ಕಡೆ ಶುರು ಮಾಡಿ ಸತ್ತೇಗಾಲದ ಕಡೆಗೆ ಹಾರಿ, ಮಧ್ಯಾಹ್ನದ ಊಟವನ್ನು ಬಸ್ಸಿನಲ್ಲಿಯೇ ಬಾಳೆಹಣ್ಣಿನಲ್ಲಿ ಮುಗಿಸಿ, ಸಂಜೆ ಮನೆಗೆ ಬಂದರೂ ಕಾಲು ನಿಲ್ಲುತ್ತಿರಲಿಲ್ಲ. ಮೈಸೂರಿನಲ್ಲಿದ್ದ ನಮ್ಮ ಮೇಲ್ವಿಚಾರಕರು ಫೋನಿನಲ್ಲಿ, "ಮೇಡಂ, ನಿಮ್ಮ ಸ್ಪೀಡು ಯಾರಿಗೂ ಇಲ್ಲ" ಎನ್ನುತ್ತಿದ್ದರು. ಆ ಮಾತಿಗೆ ನಾನು ಉಬ್ಬುತ್ತಿದ್ದೆ, ಅದನ್ನು ಯಾಕೆ ಮುಚ್ಚಿಡಲಿ.

ಹೀಗೆ ಓಡುತ್ತಿದ್ದ ದಿನಗಳಲ್ಲಿಯೇ ಹನೂರು ತಾಲ್ಲೂಕಿನ ಆ ಊರಿಗೆ ಹೋದದ್ದು. ರಾಮಾಪುರದಲ್ಲಿ ಬಸ್ಸು ಬದಲಿಸಿ ಇನ್ನೂ ಒಳಕ್ಕೆ ಹೋಗಬೇಕು. ಮುಸುಕಿನ ಜೋಳದ ಹೊಲಗಳು ಮುಗಿದು ಕಾಡಿನ ಅಂಚು ಶುರುವಾಗುವ ಜಾಗ. ಬಸ್ಸು ಊರಿನ ಕೊನೆಯವರೆಗೆ ಹೋಗಿ, ತಿರುಗಿಸಿಕೊಂಡು, ಕಾಲು ಗಂಟೆ ನಿಂತು ವಾಪಸ್ಸು ಬರುತ್ತದೆ. ಅದು ತಪ್ಪಿದರೆ ಮುಂದಿನದು ಮೂರು ಗಂಟೆ ಕಳೆದ ಮೇಲೆ. ಆ ಕಾಲು ಗಂಟೆಯಲ್ಲಿಯೇ ಕೆಲಸ ಮುಗಿಸಿಬಿಡುತ್ತೇನೆ ಅಂದುಕೊಂಡು ಇಳಿದೆ.

ಉಪಕೇಂದ್ರದ ಬಾಗಿಲಿಗೆ ಬೀಗ. ಪಕ್ಕದ ಮನೆಯ ಅಜ್ಜಿ ಜಗುಲಿಯ ಮೇಲೆ ಹುರುಳಿ ಕೇರುತ್ತಿದ್ದಳು.

"ನರ್ಸಮ್ಮ ಎಲ್ಲಿ ಅಜ್ಜಿ?"

"ಒಳಗಡ ದೊಡ್ಡಿಗ ಓಗವ್ರ ಕಣವ್ವ, ಸೂಜಿ ಹಾಕಕ. ಇನ್ನೇನ್ ಬತ್ತರ, ಕುತ್ಕ." ಆ ಕಡೆ ಕಾಡಂಚಿನ ಸಣ್ಣ ಸಣ್ಣ ವಸತಿಗಳಿಗೆ ದೊಡ್ಡಿ ಎನ್ನುತ್ತಾರೆ. ಅಲ್ಲಿಗೆ ಬಸ್ಸಿಲ್ಲ, ನಡೆದೇ ಹೋಗಬೇಕು.

"ಎಷ್ಟೊತ್ತಾಗುತ್ತೆ?"

"ಅದ ನಾ ಎಂಗ್ ಏಳನ? ಬೀಗ್ದ್ ಕೈ ನನ್ನತ್ರನೇ ಅದ. ಬೇಕಾರ ತಗದ್ ಕೊಡ್ತೀನಿ."

ಬೀಗ ತೆಗೆಸಿ ಒಳಗೆ ಹೋದೆ. ನೆಲ ಸಾರಿಸಿದಂತೆ ಚೊಕ್ಕವಾಗಿತ್ತು. ಗೋಡೆಯ ಮೇಲೆ ಗರ್ಭಿಣಿಯರ ಪಟ್ಟಿ, ಕೈಬರಹ ಗುಂಡಗೆ. ನಾನು ನಿಂತು ಓದಲಿಲ್ಲ, ಪಟಪಟನೆ ಫೋಟೋ ತೆಗೆದೆ. ನೀರು ಹೌದು, ಕರೆಂಟು ಹೌದು. ಮೇಜಿನ ಮೇಲೆ ಬೀಪಿ ಮಿಷನ್ ಇತ್ತು, ಗುಂಡಿ ಒತ್ತಿದರೆ ತಾನೇ ಗಾಳಿ ತುಂಬಿಕೊಂಡು ಅಂಕಿ ತೋರಿಸುವಂಥದ್ದು. ಗುಂಡಿ ಒತ್ತಿದೆ. ದೀಪ ಹತ್ತಿತು. ಚಾಲನೆಯಲ್ಲಿದೆಯೇ? ಹೌದು.

ಮಿಷನ್ನಿನ ನಂಬರು ಕಾಣುವಂತೆ ಫೋಟೋ ತೆಗೆಯಬೇಕೆಂದು ನಿಯಮವಿತ್ತು. ನಂಬರಿನ ಮೇಲೆ ಯಾರೋ ಒಂದು ತುಂಡು ಬಿಳಿ ಪ್ಲಾಸ್ಟರ್ ಅಂಟಿಸಿದ್ದರು. ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಕೂಡಿಸುವ ಗುರುತು ಹಾಕಿ ಇಪ್ಪತ್ತು ಎಂದು ಬರೆದಿತ್ತು. ಸರ್ಕಾರಿ ಸಾಮಾನಿನ ಮೇಲೆ ಇರುವ ಯಾವುದೋ ಲೆಕ್ಕದ ನಂಬರಿರಬೇಕು ಅಂದುಕೊಂಡೆ. ಉಗುರಿನಿಂದ ಕಿತ್ತೆ, ಉಂಡೆ ಮಾಡಿ ಕಿಟಕಿಯಿಂದ ಎಸೆದೆ, ಫೋಟೋ ತೆಗೆದೆ. ಅಷ್ಟರಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಸಿಬ್ಬಂದಿ ಹಾಜರಿದ್ದರೇ? ಇಲ್ಲ. ಷರಾದಲ್ಲಿ 'ದೊಡ್ಡಿಗೆ ಚುಚ್ಚುಮದ್ದಿಗೆ ಹೋಗಿದ್ದಾರೆ' ಎಂದು ಮೂರು ಪದ ಬರೆಯಬಹುದಿತ್ತು. ಚೌಕವನ್ನು ಖಾಲಿ ಬಿಟ್ಟು ಓಡಿದೆ.

"ಇದೇನವ್ವ, ಬಂದಂಗೂ ಇಲ್ಲ ಓದಂಗೂ ಇಲ್ಲ" ಎಂದು ಅಜ್ಜಿ ಹಿಂದಿನಿಂದ ಅಂದದ್ದು ಕೇಳಿಸಿತು.

ಆಮೇಲೆ ಏಳೆಂಟು ವಾರ ಕಳೆದಿರಬೇಕು. ಕೆಲವು ಕೇಂದ್ರಗಳನ್ನು ಎರಡನೆಯ ಸಲ ನೋಡಿ, ಮೊದಲು ಬರೆದದ್ದು ಸರಿಯಿದೆಯೇ ಎಂದು ತಾಳೆ ಹಾಕಬೇಕಿತ್ತು. ನನಗೆ ಬಂದ ಪಟ್ಟಿಯಲ್ಲಿ ಆ ಊರೂ ಇತ್ತು. ಈ ಸಲ ಬಾಗಿಲು ತೆಗೆದಿತ್ತು. ಒಳಗೆ ಇಪ್ಪತ್ತೈದರ ಆಸುಪಾಸಿನ ಹುಡುಗಿ, ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸು. ವಾರಕ್ಕೆ ಮೂರು ದಿನ ಇಲ್ಲಿ, ಉಳಿದ ದಿನ ಇನ್ನೊಂದು ಕಡೆ ಎಂದಳು. ಟ್ಯಾಬ್ ನೋಡುತ್ತಲೇ ಅವಳ ಮುಖ ಬಿಳಿಚಿತು. ಕೇಳಿದ್ದಕ್ಕೆಲ್ಲ ಎದ್ದು ನಿಂತು ಉತ್ತರ ಹೇಳಿದಳು. ಹಾಜರಿದ್ದರೇ? ಹೌದು. ಫಾರಂ ಕೇಂದ್ರಕ್ಕೆ ಕೊಡುವ ಅಂಕ ಹೋದ ಸಲಕ್ಕಿಂತ ಜಾಸ್ತಿ ಬಂತು.

ಹೊರಗೆ ಬಂದಾಗ ಪಕ್ಕದ ಮನೆಯ ಅಜ್ಜಿ ನನ್ನನ್ನು ಗುರುತು ಹಿಡಿಯಲಿಲ್ಲ. ನಾನೇ ಕೇಳಿದೆ, ಹಳೇ ನರ್ಸಮ್ಮ ಎಲ್ಲಿ ಎಂದು.

"ಅಯ್ಯೋ ಅವ್ರ್ನ ಯಳಂದೂರ್ ಕಡ ಆಕ್ಬುಟ್ರು ಕಣವ್ವ. ಯಾರೋ ಒಬ್ಳು ಫೋಟೋ ಮಿಷನ್ ಇಡ್ಕಂಡ್ ಬಂದಿದ್ಳಂತ, ನರ್ಸಮ್ಮ ಇಲ್ಲ ಅಂತ ಬರ್ಕಂಡು ಓದ್ಳಂತ. ನೋಟೀಸ್ ಬಂತು. ಪಾಪ, ಅಳ್ತಾ ಓಯ್ತು. ನಮ್ಮೂರ್ಲಿ ಅರ್ಧ ಮಕ್ಕ ಅವ್ರ್ ಕೈಲೇ ಉಟ್ಟವು."

'ಬಂದಿದ್ದಳಂತೆ' ಎಂದು ಕಣ್ಣಾರೆ ಕಂಡ ಅಜ್ಜಿಯೇ ಹೇಳುತ್ತಿದ್ದಳು. ಅವಳ ಕಣ್ಣಿಗೆ ಪೊರೆ ಬಂದಿತ್ತೋ, ಅಥವಾ ನಾನು ಅಷ್ಟು ಬೇಗ ಬಂದು ಹೋದದ್ದರಿಂದ ಮುಖ ನೆನಪಿನಲ್ಲಿ ನಿಲ್ಲಲಿಲ್ಲವೋ. ಅದು ನಾನೇ ಎಂದು ಹೇಳಲಿಲ್ಲ. ಬಸ್ಸಿಗೆ ಇನ್ನೂ ಸಮಯವಿದ್ದರೂ ಬೇಗ ಬೇಗ ನಡೆದು ಸ್ಟಾಪಿಗೆ ಬಂದೆ. ಅಲ್ಲಿಯೂ ನಿಲ್ಲಲಾಗದೆ ಆ ತುದಿಯಿಂದ ಈ ತುದಿಗೆ ತಿರುಗಿದೆ. ಹನೂರಿನಲ್ಲಿ ಇಳಿದು ಇನ್ನೊಂದು ಕೇಂದ್ರ ನೋಡಬೇಕಿತ್ತು. ಇಳಿಯುವುದನ್ನೇ ಮರೆತು ಕೊಳ್ಳೇಗಾಲದವರೆಗೆ ಬಂದುಬಿಟ್ಟೆ.

ಎರಡು ದಿನ ಹೀಗೇ ಹೋಯಿತು. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. "ಏನಾಗಿದೆ ನಿನಗೆ?" ಎಂದು ನಮ್ಮ ಯಜಮಾನರು ಕೇಳಿದರೆ ಏನಿಲ್ಲ ಎಂದೆ. ಮೂರನೆಯ ದಿನ ಅವರ ಸ್ಕೂಟರ್ ತೆಗೆದುಕೊಂಡು ಯಳಂದೂರಿನ ಕಡೆ ಹೊರಟೆ. ಆ ನರ್ಸಮ್ಮನ ಹೊಸ ಕೇಂದ್ರ ಯಾವುದೆಂದು ಅಲ್ಲಿಯ ಆಶಾ ಕಾರ್ಯಕರ್ತೆಯರನ್ನು ವಿಚಾರಿಸಿದೆ. ಊರೂರಿನಲ್ಲಿ ಬಾಣಂತಿ ಗರ್ಭಿಣಿಯರನ್ನು ನೋಡಿಕೊಳ್ಳುವವರು ಅವರೇ, ಅವರಿಗೆ ಗೊತ್ತಿಲ್ಲದ ಸುದ್ದಿಯಿಲ್ಲ. ಕಾಲುವೆಯ ಪಕ್ಕದ ಒಂದು ಊರು ತೋರಿಸಿದರು. ಸುತ್ತ ಗದ್ದೆ, ಡಾಂಬರು ರಸ್ತೆ, ಕೇಂದ್ರದ ಮುಂದೆಯೇ ಬಸ್ ಸ್ಟಾಪು.

ಅಂದು ಚುಚ್ಚುಮದ್ದಿನ ದಿನ. ಜಗುಲಿಯ ತುಂಬ ತಾಯಂದಿರು, ಅಳುವ ಮಕ್ಕಳು. ನರ್ಸಮ್ಮ ಐವತ್ತರ ಹತ್ತಿರದವರು, ಎತ್ತರದ ಆಳು, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಒಂದು ಮಗುವಿನ ತೊಡೆಗೆ ಸೂಜಿ ಹಾಕಿ, ಅದು ಕಿರುಚುವ ಮೊದಲೇ ಹತ್ತಿ ಒತ್ತಿ, "ಆಯ್ತು ಕಣ್ಲಾ, ಮುಗೀತು" ಎನ್ನುತ್ತ ನನ್ನ ಕಡೆ ನೋಡಿದರು.

"ನೀವ್ಯಾರಮ್ಮ?"

ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಒಂದೂ ಬರಲಿಲ್ಲ. "ನಿಮ್ಮನ್ನ ಹಾಜರಿಲ್ಲ ಅಂತ ಬರ್ಕೊಂಡು ಹೋದವಳು ನಾನೇ" ಎಂದೆ.

ಅವರು ಮುಂದಿನ ಮಗುವಿನ ಕಾರ್ಡು ಇಸಿದುಕೊಂಡರು. ಓದಿದರು. ಔಷಧಿ ಎಳೆದರು. ಸೂಜಿ ಹಾಕಿದರು. ಆಮೇಲೆಯೇ ಮಾತಾಡಿದರು.

"ಅರ್ಧ ಗಂಟ ಕಾದಿದ್ರ ಬತ್ತಿದ್ದಿ ನಾನು."

"ಬಸ್ಸು ಹೊರಟಿತ್ತು."

"ಬಸ್ಸು ನಂಗೂ ಒರಡ್ತಿತ್ತಲ್ಲವ್ವ, ದಿನಾ."

ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ತಾವು ನೋಟೀಸಿಗೆ ಉತ್ತರ ಬರೆದು ಕೊಟ್ಟರೂ, ದೊಡ್ಡಿಯ ಚುಚ್ಚುಮದ್ದಿನ ಪುಸ್ತಕವನ್ನು ತೋರಿಸಿದರೂ, ಅಷ್ಟರಲ್ಲಿ ವರ್ಗದ ಆರ್ಡರು ತಯಾರಾಗಿತ್ತು, ಅದನ್ನು ಬೆಳಿಗ್ಗೆ ಕೊಟ್ಟು ಸಂಜೆಯೊಳಗೆ ಹೊರಡಿ ಎಂದರು ಎಂದು ಹೇಳಿದರು. ಹೊಸ ಹುಡುಗಿಗೆ ಕೂತು ವಿವರಿಸಿ ಹೇಳಲು ಸಮಯವೇ ಇರಲಿಲ್ಲವಂತೆ. ಹೇಳುತ್ತ ಹೇಳುತ್ತ ಥಟ್ಟನೆ ನಿಲ್ಲಿಸಿದರು.

"ಆ ಬೀಪಿ ಮಿಷನ್ದು ಅವ್ಳ್ಗ ಗೊತ್ತಾಗಿರ್ತದ, ಅಲ್ವ? ಪ್ಲಾಸ್ಟರ್ ಮೇಲ ಬರ್ದಿವ್ನಿ."

"ಏನು ಬರೆದಿದ್ರಿ?"

"ಆ ಮಿಷನ್ನು ಇಪ್ಪತ್ತು ಕಮ್ಮಿ ತೋರಿಸ್ತದ. ಡಾಕ್ಟ್ರ ಮಿಷನ್ ಜೊತ ಇಟ್ಟು ನೋಡಿದ್ದಿ. ಬೇರೆ ಕೊಡಿ ಅಂತ ಎರಡ್ ಸಲ ಬರ್ದ್ ಕೊಟ್ಟಿ, ಕೆಲ್ಸ ಮಾಡ್ತಾ ಅದಲ್ಲ ಅಂದ್ರು. ಅದ್ಕ ಇಪ್ಪತ್ತು ಸೇರ್ಸ್ಕಬೇಕು ಅಂತ ಪ್ಲಾಸ್ಟರ್ ಅಂಟ್ಸಿದ್ದಿ."

ಲ್ಯಾಬಿನಲ್ಲಿ ಹದಿನಾರು ವರ್ಷ ಪ್ರತಿದಿನ ಬೆಳಿಗ್ಗೆ ನಾನು ಮಾಡುತ್ತಿದ್ದ ಮೊದಲ ಕೆಲಸವೇ ಮಿಷನ್ನನ್ನು ಪರೀಕ್ಷಿಸುವುದು. ಅಂಕಿ ಗೊತ್ತಿರುವ ಒಂದು ಮಾದರಿಯನ್ನು ಹಾಕಿ, ಸರಿಯಾಗಿ ತೋರಿಸುತ್ತಿದೆಯೇ ಎಂದು ನೋಡಿಕೊಳ್ಳದೆ ಒಬ್ಬರ ರಕ್ತವನ್ನೂ ಮುಟ್ಟುತ್ತಿರಲಿಲ್ಲ. ದೀಪ ಹತ್ತಿದ ಮಾತ್ರಕ್ಕೆ ಮಿಷನ್ ನಿಜ ಹೇಳುವುದಿಲ್ಲ ಎಂಬುದು ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ನನಗೆ ಗೊತ್ತಿರಬೇಕಿತ್ತು.

"ಆ ಪ್ಲಾಸ್ಟರ್ ನಾನು ಕಿತ್ತು ಎಸೆದೆ" ಎಂದೆ. "ನಂಬರ್ ಕಾಣಲಿ ಅಂತ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಂತರ ಫೋನ್ ತೆಗೆದು ಹಳೆಯ ಊರಿನ ಆಶಾ ಕಾರ್ಯಕರ್ತೆಗೆ ಹಚ್ಚಿದರು. ಇವರ ಮಾತು ಮಾತ್ರ ನನಗೆ ಕೇಳಿಸುತ್ತಿತ್ತು.

"ದಿನ ತುಂಬಿರವ್ರು ಯಾರ್ಯಾರ್ ಅವ್ರವ್ವ ಈಗ?... ಮೇಲ್ಗಡ ದೊಡ್ಡಿ ಸೊಸನಾ? ಚೊಚ್ಚಲು ಅಲ್ವಾ ಅವ್ಳು? ಓದ್ ವಾರ ಬೀಪಿ ಎಷ್ಟ್ ಬಂತು?... ನೂರ ಮೂವತ್ತೈದಾ?" ಅವರು ಗೋಡೆಗೆ ಕೈ ಊರಿದರು. "ಅದು ನೂರ ಮೂವತ್ತೈದಲ್ಲ ಕಣವ್ವ. ಕಾಲ್ ಊದ್ಕಂಡವಾ? ತಲನೋವು ಅಂತವ್ಳಾ?... ಎಷ್ಟ್ ದಿಸದಿಂದ?... ಕಣ್ ಮುಂದ ಮಿಂಚು ಓಡ್ತವ ಅಂದ್ಳಾ? ಈಗ್ಲೇ ನೂರೆಂಟಕ್ಕ ಫೋನ್ ಮಾಡು. ಸೀದಾ ಕೊಳ್ಳೇಗಾಲಕ್ಕ. ಬಟ್ಟ ಗಿಟ್ಟ ಅಂತ ಕುತ್ಕಬ್ಯಾಡ, ಒರಡು ಅಂದ್ರ ಒರಡು."

ಫೋನಿಟ್ಟು ನನಗೆ ಹೇಳಿದರು: "ನಾನು ಈ ಮಕ್ಕಳ್ನ ಬುಟ್ಟು ಬರಕಾಗಲ್ಲ. ಗಾಡಿ ಅದಲ್ಲ ನಿಮ್ಮತ್ರ? ಓಗಿ. ಆಸ್ಪತ್ರ ಬಾಗ್ಲಲ್ಲಿ ನಿಂತ್ಕಳಿ. ಬಂದ ತಕ್ಷಣ ಡಾಕ್ಟ್ರಿಗ ಏಳಿ, ಕಾರ್ಡಲ್ಲಿ ಇರದು ಸುಳ್ಳು ಅಂತ."

ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಬಂದ ದಾರಿ ನನಗೆ ಸರಿಯಾಗಿ ನೆನಪಿಲ್ಲ. ಕಬ್ಬಿನ ಟ್ರ್ಯಾಕ್ಟರೊಂದರ ಹಿಂದೆ ಸಿಕ್ಕಿಕೊಂಡು, ಅದನ್ನು ದಾಟಲಾಗದೆ ಸ್ಕೂಟರಿನ ಮೇಲೆಯೇ ಜೋರಾಗಿ ಅತ್ತದ್ದು ಮಾತ್ರ ನೆನಪಿದೆ. ಆಸ್ಪತ್ರೆಗೆ ಬಂದು ಹೆರಿಗೆ ವಾರ್ಡಿನ ಡಾಕ್ಟರಮ್ಮನಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಹೆಚ್ಚು ಕೇಳಲಿಲ್ಲ. ಇಂಜೆಕ್ಷನ್ ತಯಾರಿಡಿ ಎಂದು ಒಳಗೆ ಹೇಳಿದರು. ನಾನು ಬಾಗಿಲಲ್ಲಿ ನಿಂತೆ. ರಾಮಾಪುರದಾಚೆಯಿಂದ ಬರಬೇಕು, ದೂರ. ಗೇಟಿನಿಂದ ಬಾಗಿಲಿಗೆ, ಬಾಗಿಲಿನಿಂದ ಗೇಟಿಗೆ ತಿರುಗುತ್ತಲೇ ಇದ್ದೆ. ವಾಚ್‌ಮನ್ ಎರಡು ಸಲ "ಕುತ್ಕಳಿ ಮೇಡಮ್ಮು, ಬತ್ತದ" ಎಂದ.

ಗಾಡಿ ಬಂತು. ಬಾಗಿಲು ತೆಗೆದಾಗ ಮೊದಲು ಕಂಡದ್ದು ಆಶಾ ಕಾರ್ಯಕರ್ತೆಯ ಗುಲಾಬಿ ಸೀರೆ, ಅದರ ತುಂಬ ವಾಂತಿ. ಹನೂರು ದಾಟಿದ ಮೇಲೆ ಫಿಟ್ಸ್ ಬಂದಿತ್ತಂತೆ. ಹೆಣ್ಣುಮಗಳಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ. ಮುಖ ಊದಿ ಕಣ್ಣು ಸಣ್ಣಗಾಗಿದ್ದವು. ನಾಲಿಗೆ ಕಚ್ಚಿಕೊಂಡು ತುಟಿಯ ಮೇಲೆ ರಕ್ತ. ಜೊತೆಗೆ ಅವಳ ಅತ್ತೆ, ತೆಳ್ಳಗಿನ ಹೆಂಗಸು, ಕಾಲಲ್ಲಿ ಚಪ್ಪಲಿಯಿಲ್ಲ. ತಮಿಳಿನಲ್ಲಿ ಒಂದು ಮಾತು, ಕನ್ನಡದಲ್ಲಿ ಒಂದು ಮಾತು ಬೆರೆಸಿ ದೇವರಿಗೆ ಹೇಳಿಕೊಳ್ಳುತ್ತಿದ್ದಳು.

ಒಳಗೆ ಕರೆದುಕೊಂಡು ಹೋಗಿ ಬೀಪಿ ನೋಡಿದರು. ಎಷ್ಟೆಂದು ನಾನು ಕೇಳಲಿಲ್ಲ. ಡಾಕ್ಟರಮ್ಮನ ಓಟ ನೋಡಿದರೆ ತಿಳಿಯುತ್ತಿತ್ತು. ಇಂಜೆಕ್ಷನ್ ಕೊಟ್ಟು, ಒಂದಿಷ್ಟು ಹದಕ್ಕೆ ಬಂದ ಮೇಲೆ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು ಮಗು, ತೂಕ ಕಡಿಮೆ, ಆದರೆ ಅತ್ತಿತು. ಆ ಅಳು ಹೊರಗಿನವರೆಗೂ ಕೇಳಿಸಿತು. ಅತ್ತೆ ನೆಲದ ಮೇಲೆ ಕುಸಿದು ಕೂತಳು.

ಆದರೆ ತಾಯಿಗೆ ಎಚ್ಚರ ಬಂದ ಮೇಲೆ ಇನ್ನೊಂದು ವಿಷಯ ಗೊತ್ತಾಯಿತು. ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ. ಕಣ್ಣು ತೆರೆದೇ ಇತ್ತು, ಕಿಟಕಿಯ ಬೆಳಕು ನೇರ ಮುಖದ ಮೇಲೆ ಬೀಳುತ್ತಿತ್ತು, ಅವಳು ಮಾತ್ರ ಕೈಯಾಡಿಸುತ್ತ "ದೀಪ ಆಕಿ, ದೀಪ ಆಕಿ" ಎನ್ನುತ್ತಿದ್ದಳು. ಬೀಪಿ ಮಿತಿಮೀರಿ ಏರಿದಾಗ ಹೀಗಾಗುವುದುಂಟು, ಸಾಮಾನ್ಯವಾಗಿ ವಾಪಸ್ಸು ಬರುತ್ತದೆ ಎಂದರು ಡಾಕ್ಟರಮ್ಮ. ಆ 'ಸಾಮಾನ್ಯವಾಗಿ' ಎಂಬ ಪದವನ್ನು ನಾನು ಎರಡು ದಿನ ಹೊತ್ತುಕೊಂಡು ತಿರುಗಿದೆ.

ಆ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಬೆಳಿಗ್ಗೆ ಗಂಜಿ ಮಾಡಿಕೊಂಡು ಹೋಗುತ್ತಿದ್ದೆ, ಮಧ್ಯಾಹ್ನ ಮುದ್ದೆ, ಉಪ್ಸಾರು. ಸರ್ಕಾರದ ಕಡೆಯ ಯಾವುದೋ ಮೇಡಂ ಎಂದುಕೊಂಡು ಅತ್ತೆ ನನ್ನ ಕೈಹಿಡಿದು, "ನೀವ್ ಇರ್ದಿದ್ರ ನಮ್ ಉಡ್ಗಿ ಉಳೀತಿರ್ಲಿಲ್ಲ" ಎನ್ನುತ್ತಿದ್ದಳು. ಅವಳ ಕೈಯಿಂದ ನನ್ನ ಕೈ ಬಿಡಿಸಿಕೊಂಡು ನೀರು ತರುವ ನೆಪದಲ್ಲಿ ಹೊರಗೆ ಹೋಗುತ್ತಿದ್ದೆ. ಹೊರಗೆ ಹೋದರೆ ಒಳಗೇನಾಯಿತೋ ಎಂದು ಮತ್ತೆ ಬರುತ್ತಿದ್ದೆ. ಮಗುವಿನ ಮುಖವನ್ನು ಬೆರಳಿನಿಂದ ಸವರಿ ಸವರಿ ನೋಡುತ್ತಿದ್ದ ಆ ತಾಯಿ ಒಮ್ಮೆ, "ಕಪ್ಪಗವಳಾ ಬೆಳ್ಳಗವಳಾ?" ಎಂದು ಕೇಳಿದಳು. ನಾನು ಅತ್ತೆಯ ಮುಖ ನೋಡಿದೆ. "ನಿನ್ನಂಗೇ ಅವ್ಳ ಕಣವ್ವ" ಎಂದಳು ಅತ್ತೆ.

ಮೂರನೆಯ ದಿನ ಬೆಳಿಗ್ಗೆ ನಾನು ಗಂಜಿಯ ಡಬ್ಬಿ ಬಿಚ್ಚುತ್ತಿದ್ದೆ. ಮಂಚದ ಕಡೆಯಿಂದ ಸಣ್ಣ ದನಿ ಬಂತು.

"ಅತ್ತೆಮ್ಮ, ತಲಗ ಎಣ್ಣ ಆಕಿಲ್ವಾ ನೀವು? ಏನಿಂಗ್ ಕೆದರ್ಕಂಡದ?"

ಅತ್ತೆ ಒಂದು ಗಳಿಗೆ ಅರ್ಥವಾಗದೆ ತಲೆ ಮುಟ್ಟಿ ನೋಡಿಕೊಂಡಳು. ಆಮೇಲೆ ಮಗುವನ್ನು ಎತ್ತಿ ಸೊಸೆಯ ಮುಖದ ಮುಂದೆ ಹಿಡಿದಳು. ಸೊಸೆ ನೋಡಿದಳು. ಬಹಳ ಹೊತ್ತು ನೋಡಿದಳು. ಪಕ್ಕದ ಮಂಚದ ಬಾಣಂತಿಯರೆಲ್ಲ ಎದ್ದು ಕೂತರು. ನಾನು ಗಂಜಿಯನ್ನು ಲೋಟಕ್ಕೆ ಸುರಿಯಲು ಹೋಗಿ ನೆಲಕ್ಕೆ ಸುರಿದೆ.

ಅವತ್ತು ಮಧ್ಯಾಹ್ನ ಕೆಲಸ ಮುಗಿಸಿ ನರ್ಸಮ್ಮ ಬಂದರು. ಹುಡುಗಿಯ ಬೀಪಿಯನ್ನು ತಾವೇ ಒಮ್ಮೆ ನೋಡಿದರು, ಮಗುವನ್ನು ಬಿಚ್ಚಿ ಹೊಕ್ಕುಳು ನೋಡಿದರು, ಅತ್ತೆಗೆ ಚಪ್ಪಲಿ ಹಾಕಿಕೊಂಡು ಓಡಾಡು ಎಂದು ಗದರಿದರು. ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತಾಗ ನಾನು ಹೇಳಿದೆ: "ನಾನು ಬರೆದುಕೊಡ್ತೀನಿ. ನನ್ನದೇ ತಪ್ಪು ಅಂತ. ನಿಮ್ಮನ್ನ ವಾಪಸ್ಸು ಆ ಊರಿಗೆ ಹಾಕಿಸೋಕೆ ಎಲ್ಲಿ ಹೇಳಬೇಕೋ ಅಲ್ಲಿ ಹೇಳ್ತೀನಿ."

"ಬರ್ದ್ ಕೊಡಿ, ನನ್ ಮೇಲಿನ ನೋಟೀಸ್ ಓಗ್ಲಿ" ಎಂದರು. "ಆದ್ರ ವಾಪಸ್ಸು ಬ್ಯಾಡ."

"ಯಾಕೆ?" ಎಂದೆ.

"ಹದಿಮೂರ್ ವರ್ಸ ನಡ್ದಿವ್ನಿ ಕಣಮ್ಮ ಆ ದೊಡ್ಡಿಗಳ್ಗ. ಒಂದ್ಸಲ ಆನ ಅಡ್ಡ ನಿಂತಿತ್ತು, ಲಸಿಕ ಡಬ್ಬ ತಬ್ಬಕಂಡು ಮರದ್ ಮರೇಲಿ ಎರಡ್ ಗಂಟ ಕುತ್ತಿದ್ದಿ. ಮಂಡಿ ಓಗ್ಬುಟ್ಟದ. ಇಲ್ಲಿ ಬಂದ್ ಮೇಲ ಮಧ್ಯಾನ ಬಿಸಿ ಊಟ ಮಾಡ್ತಾ ಇವ್ನಿ. ಅಳ್ತಾ ಬಂದಿದ್ದು ನಿಜ. ಈಗ ಓಗು ಅಂದ್ರೂ ಅಳ್ತೀನಿ." ಕನ್ನಡಕದ ದಾರ ಸರಿಮಾಡಿಕೊಂಡು, "ನೀವು ಮಾಡಿದ್ದು ತಪ್ಪೇ. ನಂಗ ಒಳ್ಳೇದಾಯ್ತು ಅಂತ ಅದು ಸರಿಯಾಗ್ಬುಡಲ್ಲ. ಆ ಒಸ ನರ್ಸ್ ಉಡ್ಗಿಗ ನಾನು ಫೋನಲ್ಲಿ ಎಲ್ಲಾನು ಏಳ್ಕೊಡ್ತೀನಿ, ನೀವು ನಿಮ್ ಕೆಲ್ಸ ನೋಡಿ" ಎಂದರು.

ಯಳಂದೂರಿನ ಬಸ್ಸು ಹತ್ತಿ ಅವರು ಹೋದರು. ನಾನು ಆ ಮರದ ಕೆಳಗೆ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಅವರನ್ನು ವಾಪಸ್ಸು ಕಳಿಸಿದರೆ ನನ್ನ ತಪ್ಪು ಅಳಿಸಿಹೋಗುತ್ತದೆ ಎಂದು ಒಳಗೊಳಗೇ ನಂಬಿಕೊಂಡಿದ್ದೆ. ಆ ದಾರಿಯನ್ನು ಅವರೇ ಮುಚ್ಚಿದ್ದರು.

ಮೈಸೂರಿನ ಮೇಲ್ವಿಚಾರಕರಿಗೆ ಫೋನ್ ಮಾಡಿ ಎರಡು ಉತ್ತರ ತಿದ್ದಬೇಕೆಂದೆ.

"ಯಾಕೆ ಮೇಡಂ? ನರ್ಸ್ ಅಲ್ಲಿರಲಿಲ್ಲ, ಹೌದಾ? ಮಿಷನ್ ಆನ್ ಆಯ್ತು, ಹೌದಾ? ಎರಡೂ ಸರಿಯಾಗೇ ಇದೆಯಲ್ಲ."

"ಸರಿಯಾಗಿದೆ ಸರ್. ಅದಕ್ಕೇ ತಿದ್ದಬೇಕು."

ಅವರಿಗೆ ನಾನು ತಲೆಕೆಟ್ಟವಳಂತೆ ಕಂಡಿರಬೇಕು. ಫಾರಂ ಮುಚ್ಚಿಹೋಗಿದೆ, ಇನ್ನು ತಿದ್ದಲು ಬರುವುದಿಲ್ಲ, ಬೇಕಿದ್ದರೆ ಪತ್ರ ಬರೆಯಿರಿ ಎಂದರು. ಬರೆದೆ. ಪ್ಲಾಸ್ಟರಿನ ವಿಷಯವನ್ನೂ ಬಿಡದೆ ನಾಲ್ಕು ಪುಟ ಕೈಯಲ್ಲಿ ಬರೆದು, ಒಂದು ಪ್ರತಿಯನ್ನು ಸಂಸ್ಥೆಗೂ ಇನ್ನೊಂದನ್ನು ನರ್ಸುಗಳ ಮೇಲಿನ ಡಾಕ್ಟರಿಗೂ ಕೊಟ್ಟೆ. ಸಂಸ್ಥೆಯಿಂದ 'ತಲುಪಿದೆ' ಎಂದು ಒಂದು ಸಾಲು ಬಂತು. ಡಾಕ್ಟರು ಕರೆಸಿದರು. ಗಡಸು ಮುಖದ ಮನುಷ್ಯ, ನಾಲ್ಕು ಪುಟವನ್ನೂ ನನ್ನೆದುರೇ ಓದಿದರು. ನೋಟೀಸು ರದ್ದು ಮಾಡಲು ಬರೆಯುತ್ತೇನೆ ಎಂದರು. ಮುಂದಿನ ಮೀಟಿಂಗಿಗೆ ಎಲ್ಲ ನರ್ಸುಗಳೂ ತಮ್ಮ ತಮ್ಮ ಬೀಪಿ ಮಿಷನ್ ತರಬೇಕೆಂದು ಹೇಳಿ ಕಳಿಸಿದರು. "ನೀವೂ ಬನ್ನಿ" ಎಂದರು ನನಗೆ.

ಹೋದೆ. ಉದ್ದದ ಮೇಜಿನ ಮೇಲೆ ಮಿಷನ್ನುಗಳನ್ನು ಸಾಲಾಗಿ ಇಟ್ಟಿದ್ದರು. ಒಂದೇ ತೋಳಿಗೆ ಒಂದೊಂದನ್ನೂ ಕಟ್ಟಿ, ಪಾದರಸದ ಹಳೆಯ ಬೀಪಿ ಉಪಕರಣದ ಜೊತೆ ತಾಳೆ ನೋಡಬೇಕು. ಯಾರ ತೋಳು ಎಂದಾಗ ನಾನೇ ಸೀರೆಯ ಸೆರಗು ಸರಿಸಿ ಕುರ್ಚಿಯಲ್ಲಿ ಕೂತೆ. ಬೆಳಿಗ್ಗೆಯೆಲ್ಲ ಅಲ್ಲಾಡದೆ ಕೂತಿದ್ದೆ. ಒಂದು ಪಟ್ಟಿ ಬಿಚ್ಚಿದರೆ ಇನ್ನೊಂದು. ತೋಳು ಕೆಂಪಾಗಿ ಜೋಮು ಹಿಡಿಯಿತು. ಹೆಚ್ಚಿನವು ಸರಿಯಾಗಿದ್ದವು. ಕೆಲವು ಇರಲಿಲ್ಲ. ಸರಿಯಿಲ್ಲದ್ದನ್ನು ಡಾಕ್ಟರು ಎತ್ತಿ ನೆಲದ ಮೇಲಿನ ರಟ್ಟಿನ ಡಬ್ಬಕ್ಕೆ ಹಾಕುತ್ತಿದ್ದರು. ಆ ಊರಿನ ಹೊಸ ನರ್ಸು ತನ್ನ ಮಿಷನ್ನನ್ನು ತಾನೇ ಕಟ್ಟಿದಳು. ಅಂಕಿ ಬಂದಾಗ ನನ್ನ ಮುಖ ನೋಡಲಿಲ್ಲ. "ನಾನು ಕಾರ್ಡಲ್ಲಿ ಬರ್ದಿದ್ದು ಇದ್ರಲ್ಲಿ ನೋಡೇ ಸಾ" ಎಂದು ಡಾಕ್ಟರಿಗೆ ಹೇಳಿದಳು. ಆ ಒಂದು ಕಾರ್ಡಿಗಾಗಿ ಅವಳನ್ನು ಎಷ್ಟು ಜನ ಏನೇನು ಕೇಳಿದ್ದರೋ. ಅವಳ ಬಗ್ಗೆ ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಒಂದು ತಿಂಗಳು ಬಿಟ್ಟು ಮೇಲಿನ ದೊಡ್ಡಿಗೆ ಹೋದೆ. ನಡೆದೇ ಹೋದೆ. ದಾರಿ ಬರಿಯ ಕಲ್ಲು, ಲಂಟಾನದ ಪೊದೆ. ಲಸಿಕೆಯ ಡಬ್ಬ ಹೆಗಲಿಗೆ ಹಾಕಿಕೊಂಡು ಹದಿಮೂರು ವರ್ಷ ಇದನ್ನು ಹತ್ತುವುದೆಂದರೇನು ಎಂದು ಏದುಸಿರಿನಲ್ಲಿ ಗೊತ್ತಾಯಿತು. ಸೊಸೆ ತವರಿಗೆ ಹೋಗದೆ ಇಲ್ಲಿಯೇ ಬಾಣಂತನ ಮಾಡಿಸಿಕೊಳ್ಳುತ್ತಿದ್ದಳು. ಮಗು ಕೆನ್ನೆ ತುಂಬಿಕೊಂಡಿತ್ತು. ಅತ್ತೆ ಚಾಪೆ ಹಾಸಿ, ಒಲೆ ಹಚ್ಚಲು ಎದ್ದಳು. ಕಾಫಿ ಮಾಡುತ್ತೇನೆ ಎಂದಳು.

"ಕೂತ್ಕೊಳಿ ಅಮ್ಮ, ಒಂದು ಮಾತು ಹೇಳಬೇಕು" ಎಂದೆ. ಹೇಳಿದೆ. ನರ್ಸಮ್ಮ ಇಲ್ಲವೆಂದು ಬರೆದವಳು ನಾನು. ಮಿಷನ್ನಿನ ಮೇಲಿನ ಗುರುತು ಕಿತ್ತವಳು ನಾನು. ಇವಳ ಕಣ್ಣು ಹೋಗಿದ್ದು ಅದರಿಂದ.

ಅತ್ತೆ ಸೌದೆ ಹಿಡಿದುಕೊಂಡೇ ಕೇಳಿದಳು: "ಬರ್ಕಂಡ್ ಓಗಿದ್ದು ನೀವೇಯಾ?"

"ಹೂಂ."

"ಆಸ್ಪತ್ರೇಲಿ ಗಂಜಿ ತಂದ್ ಕೊಟ್ರಲ್ಲ, ಅದ್ಕೇಯಾ?"

ಅವಳು ಸೌದೆಯನ್ನು ಮೂಲೆಯಲ್ಲಿಟ್ಟಳು. ಒಲೆ ಹಚ್ಚಲಿಲ್ಲ. ಹೊರಗೆ ಹೋಗಿ ಆಡಿನ ಹಗ್ಗ ಬಿಚ್ಚುತ್ತ, ತಮಿಳಿನಲ್ಲಿ ಅದಕ್ಕೋ ನನಗೋ ಏನೋ ಅಂದಳು. ಸೊಸೆ ತಲೆ ತಗ್ಗಿಸಿ ಮಗುವಿನ ಕಾಲಿನ ಕಪ್ಪು ದಾರ ಸರಿಮಾಡುತ್ತಿದ್ದಳು. ಹಾಗೆಯೇ ಮೆಲ್ಲಗೆ, "ಈಗ ಬರ ನರ್ಸಕ್ಕ ಎರಡ್ ಸಲ ನೋಡ್ತಳ ಬೀಪಿನ. ಒಂದ್ಸಲ ನೋಡಿ, ಬರ್ಕಂಡು, ಆಮೇಲ ಇನ್ನೊಂದ್ಸಲ" ಎಂದಳು.

ಎದ್ದು ಚಪ್ಪಲಿ ಹಾಕಿಕೊಂಡೆ. ಅತ್ತೆ ಅಲ್ಲಿರಲಿಲ್ಲ, ಆಡು ಹೊಡೆದುಕೊಂಡು ಗುಡ್ಡದ ಕಡೆ ಹೋಗಿದ್ದಳು. ಬರುತ್ತೇನೆ ಎಂದು ಸೊಸೆಗೆ ಹೇಳಿ ಕಲ್ಲುದಾರಿ ಹಿಡಿದೆ. ಊರು ತಲುಪಿದಾಗ ಬಿಸಿಲಿನ್ನೂ ಇತ್ತು. ಹಗುರವಾಗುತ್ತೇನೆಂದು ಹೋಗಿದ್ದೆ, ಆಗಿರಲಿಲ್ಲ. ರಾಮಾಪುರದ ದಾರಿಯಲ್ಲಿ ಹಾಗೇ ನಡೆಯುತ್ತ ಹೋದೆ.